ಖಿನ್ನತೆಯ ಮಾತ್ರೆ: ತೊಂದರೆ ಮೊದಲು, ಗುಣ ಆಮೇಲೆ

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲೋ ವಿಜಯನಗರದ ಯಾವುದಾದರೂ ಕ್ಲಿನಿಕ್ಕಿನಲ್ಲೋ ಮನೋವೈದ್ಯರು ಚೀಟಿ ಬರೆದುಕೊಟ್ಟರೆ, ಮನೆ ತಲುಪುವಷ್ಟರಲ್ಲಿ ಆ ಮಾತ್ರೆಗೆ ‘ನಿದ್ದೆ ಮಾತ್ರೆ’ ಎಂಬ ಹೆಸರು ಬಿದ್ದಿರುತ್ತದೆ. ‘ಅಭ್ಯಾಸ ಆಗಿಬಿಡುತ್ತೆ, ನಿಲ್ಲಿಸು’ ಎನ್ನುವ ಬುದ್ಧಿಮಾತೂ ಹಿಂದೆಯೇ ಬರುತ್ತದೆ. ಖಿನ್ನತೆಯ ಮಾತ್ರೆಗಳು ನಿದ್ದೆ ಮಾತ್ರೆಗಳಲ್ಲ. ಅವುಗಳಲ್ಲಿ ಹಲವು ಗುಂಪುಗಳಿವೆ. ನಿಮ್ಮದು ಯಾವ ಗುಂಪಿನದು ಎಂದು ತಿಳಿದರೆ ಮೈಯಲ್ಲಿ ಆಗುತ್ತಿರುವುದು ಅರ್ಥವಾಗುತ್ತದೆ, ಅರ್ಧ ಭಯ ಹೋಗುತ್ತದೆ.

ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಸೆರೊಟೋನಿನ್, ನಾರ್‌ಅಡ್ರಿನಾಲಿನ್‌ನಂಥ ರಾಸಾಯನಿಕಗಳಿಂದ. ಇವು ಕೋಶಗಳ ನಡುವಿನ ಸಣ್ಣ ಸಂದಿಗೆ ಸುರಿಯುತ್ತವೆ. ಕೆಲಸ ಮುಗಿದ ಮೇಲೆ ಸುರಿದ ಕೋಶವೇ ವಾಪಸು ಹೀರಿಕೊಳ್ಳುತ್ತದೆ. ಬಹುಪಾಲು ಖಿನ್ನತೆಯ ಮಾತ್ರೆಗಳು ಈ ಹೀರುವಿಕೆಯನ್ನು ತಡೆಯುತ್ತವೆ. ತಡೆ ಬೇಗನೇ ಶುರುವಾಗುತ್ತದೆ. ಮನಸ್ಸು ತಿಳಿಯಾಗಲು ಮಾತ್ರ ಎರಡರಿಂದ ಆರು ವಾರ ಬೇಕು, ಏಕೆಂದರೆ ನರಕೋಶಗಳು ಈ ಬದಲಾವಣೆಗೆ ನಿಧಾನವಾಗಿ ಹೊಂದಿಕೊಳ್ಳಬೇಕು. ‘ಸೆರೊಟೋನಿನ್ ಕಮ್ಮಿಯಾಗಿದೆ, ಅಷ್ಟೇ’ ಎಂಬ ವಿವರಣೆ ಹೇಳುವುದಕ್ಕೆ ಸುಲಭ, ಆದರೆ ಖಿನ್ನತೆಯನ್ನು ವಿವರಿಸಲು ಅದು ಸಾಲದು.

ಇವತ್ತು ಸಾಮಾನ್ಯವಾಗಿ ಮೊದಲು ಬರೆಯುವುದು ಎಸ್‌ಎಸ್‌ಆರ್‌ಐ ಗುಂಪನ್ನು: ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್. ಫ್ಲೂಆಕ್ಸೆಟಿನ್‌ಗೆ ಅಮೆರಿಕದಲ್ಲಿ 1987ರಲ್ಲಿ ಅನುಮತಿ ಸಿಕ್ಕಿತು. ಇವು ಮುಖ್ಯವಾಗಿ ಸೆರೊಟೋನಿನ್ ಹೀರುವಿಕೆಯನ್ನೇ ತಡೆಯುತ್ತವೆ. ಮೈಯ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ಇರುವುದು ಕರುಳಿನಲ್ಲಿ. ಹಾಗಾಗಿ ಮೊದಲ ವಾರ ವಾಕರಿಕೆ, ಭೇದಿ. ಕೆಲವರಿಗೆ ತಲೆನೋವು, ಇನ್ನು ಕೆಲವರಿಗೆ ತಳಮಳ ಇದ್ದದ್ದಕ್ಕಿಂತ ಹೆಚ್ಚು. ಗುಣ ಇನ್ನೂ ಕಾಣಿಸಿರುವುದಿಲ್ಲ, ತೊಂದರೆ ಮಾತ್ರ ಕಾಣುತ್ತಿರುತ್ತದೆ. ಎಷ್ಟೋ ಜನ ಮಾತ್ರೆ ಬಿಡುವುದು ಈ ಹೊತ್ತಿನಲ್ಲೇ. ಊಟದ ಜೊತೆ ತೆಗೆದುಕೊಂಡು ಎರಡು ವಾರ ತಾಳಿಕೊಂಡರೆ ಇವು ಹೆಚ್ಚಾಗಿ ತಗ್ಗುತ್ತವೆ. ಲೈಂಗಿಕ ಆಸಕ್ತಿ ಕುಂದುವುದು ಮಾತ್ರ ಹಾಗೆ ತಾನಾಗಿ ಹೋಗದಿರಬಹುದು. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಹುದು. ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗುವವರು ಅದನ್ನೂ ತಿಳಿಸಬೇಕು. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದು ಮಂಕು ಕವಿಯುವುದುಂಟು.

‘ಅಭ್ಯಾಸ ಆಗುತ್ತೆ’ ಎಂಬ ಭಯಕ್ಕೆ ಒಂದು ಕಾರಣವಿದೆ. ನಮ್ಮಲ್ಲಿ ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಾಜೆಪಾಮ್ ಸೇರಿಸಿದ ಒಂದೇ ಮಾತ್ರೆ ಧಾರಾಳವಾಗಿ ಸಿಗುತ್ತದೆ. ಮೊದಲ ವಾರಗಳ ತಳಮಳ ತಗ್ಗಿಸಿ ನಿದ್ದೆ ಕೊಡುವುದು ಕ್ಲೊನಾಜೆಪಾಮ್. ತಿಂಗಳುಗಟ್ಟಲೆ ನುಂಗಿದರೆ ಚಟವಾಗುವುದೂ ಅದೇ. ಅದು ಖಿನ್ನತೆಯ ಔಷಧಿಯಲ್ಲ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಅದನ್ನೇ ಮತ್ತೆ ಮತ್ತೆ ತರುವುದು ತಪ್ಪು. ನಿಮ್ಮ ಮಾತ್ರೆಯ ಹಾಳೆಯ ಹಿಂದೆ ಆ ಹೆಸರಿದೆಯೇ ನೋಡಿಕೊಳ್ಳಿ.

ಡುಲೊಕ್ಸೆಟಿನ್, ವೆನ್ಲಫ್ಯಾಕ್ಸಿನ್ ಎಸ್‌ಎನ್‌ಆರ್‌ಐ ಗುಂಪಿನವು. ಇವು ನಾರ್‌ಅಡ್ರಿನಾಲಿನ್ ಹೀರುವಿಕೆಯನ್ನೂ ತಡೆಯುತ್ತವೆ. ಬೆವರು, ಬಾಯಿ ಒಣಗುವುದು, ಕೆಲವರಲ್ಲಿ ಬಿಪಿ ಏರುವುದು ಇವುಗಳಿಂದ. ಸಕ್ಕರೆ ಕಾಯಿಲೆಯವರ ಪಾದದ ಉರಿಗೂ ಡುಲೊಕ್ಸೆಟಿನ್ ಕೊಡುತ್ತಾರೆ, ಗಾಬರಿ ಬೇಡ.

ಹಳೆಯ ಗುಂಪು ಟ್ರೈಸೈಕ್ಲಿಕ್. ಅದರ ಮೊದಲನೆಯದು ಇಮಿಪ್ರಮಿನ್. ಅದು ಖಿನ್ನತೆಗೆ ಆಗುತ್ತದೆಂದು ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ 1957ರಲ್ಲಿ ಪ್ರಕಟಿಸಿದರು. ಅಮಿಟ್ರಿಪ್ಟಿಲಿನ್ ಈಗಲೂ ಬಳಕೆಯಲ್ಲಿದೆ, ಕಡಿಮೆ ಪ್ರಮಾಣದಲ್ಲಿ ಮೈಗ್ರೇನ್‌ಗೂ ಕೊಡುತ್ತಾರೆ. ಈ ಗುಂಪು ಹೀರುವಿಕೆ ತಡೆಯುವುದರ ಜೊತೆಗೆ ಕೋಶಗಳ ಮೇಲಿನ ಬೇರೆ ಹಲವು ಗ್ರಾಹಕಗಳನ್ನೂ (ರಿಸೆಪ್ಟರ್) ಮುಟ್ಟುತ್ತದೆ: ಬಾಯಿ ಒಣಗುತ್ತದೆ, ಮಲಬದ್ಧತೆ, ಮೂತ್ರ ಕಟ್ಟುವುದು, ತೂಕಡಿಕೆ, ಎದ್ದು ನಿಂತಾಗ ತಲೆಸುತ್ತು. ಪ್ರಾಸ್ಟೇಟ್, ಗ್ಲಾಕೋಮಾ, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಒಮ್ಮೆಲೇ ಹೆಚ್ಚು ನುಂಗಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮಾತ್ರೆಗಳು ಮನೆಯ ಒಬ್ಬರ ಕೈಯಲ್ಲಿರುವುದು ಒಳ್ಳೆಯದು.

ನಿದ್ದೆ, ಹಸಿವು ಎರಡೂ ಹೋದವರಿಗೆ ಮಿರ್ಟಾಜಪಿನ್, ತೂಕ ಏರಿಸುತ್ತದೆ. ಬುಪ್ರೊಪಿಯಾನ್ ಲೈಂಗಿಕ ತೊಂದರೆ ಕಡಿಮೆ ಮಾಡುವಂಥದು, ಫಿಟ್ಸ್ ಇರುವವರಿಗೆ ಸಲ್ಲದು.

ಚೆನ್ನಾಗಿದ್ದೇನೆ ಅನ್ನಿಸಿದ ದಿನವೇ ನಿಲ್ಲಿಸಬೇಡಿ. ಗುಣವಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸುತ್ತಾರೆ, ಆಮೇಲೆ ಹಂತಹಂತವಾಗಿ ಇಳಿಸುತ್ತಾರೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದುಂಟು; ವೆನ್ಲಫ್ಯಾಕ್ಸಿನ್‌ನಲ್ಲಿ ಇದು ಜಾಸ್ತಿ. ಗರ್ಭಿಣಿಯರೂ ವೈದ್ಯರನ್ನು ಕೇಳದೆ ಬಿಡಬಾರದು.

ಕಾಯದೆ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳಿವೆ. 25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು, ಮನೆಯವರು ಕಣ್ಣಿಟ್ಟಿರಬೇಕು. ನಿದ್ದೆಯಿಲ್ಲದೆಯೂ ಅತಿ ಉತ್ಸಾಹ, ಎಡೆಬಿಡದ ಮಾತು, ಮನಬಂದಂತೆ ಖರ್ಚು ಶುರುವಾದರೆ ಅದು ಬೈಪೋಲಾರ್ ಇರಬಹುದು, ಚಿಕಿತ್ಸೆಯೇ ಬೇರೆ.

ಇಷ್ಟು ತಿಳಿದ ಮೇಲೆ ಮಾತ್ರೆಯನ್ನು ನೀವೇ ಆರಿಸಿಕೊಳ್ಳಲು ಹೋಗಬೇಡಿ. ನಿಮ್ಮ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.