ನಾಯಿಗಳಲ್ಲಿ ಮರುಕಳಿಸುವ ಕಿವಿಯ ಯೀಸ್ಟ್ ಸೋಂಕು ಮತ್ತು ಅದರ ಹತೋಟಿ

ದಕ್ಷಿಣ ಬೆಂಗಳೂರಿನ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಬಹುಭಾಗ ಒಂದು ಕಾಲಕ್ಕೆ ಹೊಲ, ತೋಟಗಳಾಗಿದ್ದಿತು. ಹೊಲ ಹೋದರೂ ನಾಯಿ ಸಾಕುವ ರೂಢಿ ಹೋಗಿಲ್ಲ. ಈ ಬಡಾವಣೆಗಳ ಮನೆಗಳಲ್ಲಾಗಲಿ, ಊರಾಚೆಯ ತೋಟದ ಕಾವಲಿನಲ್ಲಾಗಲಿ, ನಾಯಿಗಳನ್ನು ಬಹುವಾಗಿ ಕಾಡುವ ತೊಂದರೆ ಕಿವಿ ಸೋರುವುದು. ಔಷಧಿ ಹಾಕಿದಾಗ ವಾಸಿಯಾಗಿ, ಬಿಟ್ಟೊಡನೆ ಮರಳಿ ಬಂದರೆ ಯೀಸ್ಟ್ ಸೋಂಕನ್ನು ಶಂಕಿಸಬೇಕು.

ಈ ಲೇಖಕ ಬೇಸಾಯಶಾಸ್ತ್ರದವನೇ ಹೊರತು ಪಶುವೈದ್ಯನಲ್ಲ. ಜಯನಗರದ ನಮ್ಮ ಮನೆಯ ನಾಯಿಗೆ ಒಂದೇ ವರ್ಷದಲ್ಲಿ ನಾಲ್ಕು ಬಾರಿ ಈ ರೋಗ ಬಂದಿತು. ಪ್ರತಿ ಸಲವೂ ವಾಸನೆ ಹೋದ ಕೂಡಲೆ, ಐದಾರು ದಿನಕ್ಕೇ ಔಷಧಿ ನಿಲ್ಲಿಸಿದ್ದು ನನ್ನದೇ ತಪ್ಪು. ಕೊನೆಗೆ ಕರೆದರೂ ತಿರುಗಿ ನೋಡದಷ್ಟು ಅದರ ಕಿವಿ ಮಂದವಾಯಿತು. ಬೇರೆಯವರಿಗೆ ಹೀಗಾಗಬಾರದೆಂದು, ಆಗ ಪಶುವೈದ್ಯರಿಂದ ಕಲಿತದ್ದನ್ನು ಇಲ್ಲಿ ತಿಳಿಸಿದೆ.

ರೋಗಕಾರಕ

ಇದು ಮಲಸೀಝಿಯಾ ಪ್ಯಾಕಿಡರ್ಮಾಟಿಸ್ ಎಂಬ ಸೂಕ್ಷ್ಮ ಶಿಲೀಂಧ್ರ. 1925ರಲ್ಲಿ ಇದನ್ನು ಮೊದಲು ವರ್ಣಿಸಿದ್ದು ಚರ್ಮರೋಗವಿದ್ದ ಭಾರತೀಯ ಘೇಂಡಾಮೃಗವೊಂದರಿಂದ. ಆರೋಗ್ಯವಾದ ನಾಯಿಯ ಚರ್ಮ ಮತ್ತು ಕಿವಿಯಲ್ಲೂ ಇದು ಸ್ವಲ್ಪಮಟ್ಟಿಗೆ ಇದ್ದೇ ಇರುತ್ತದೆ. ತೇವ, ಶಾಖ ಮತ್ತು ಜಿಡ್ಡು ಕೂಡಿದಾಗ ಮಾತ್ರ ಮಿತಿಮೀರಿ ಬೆಳೆಯುತ್ತದೆ. ನೀರು ನಿಂತ ಸಸಿಮಡಿಯಲ್ಲಿ ಟೊಮೇಟೊ ಸಸಿ ಕೊಳೆಯುವುದನ್ನು ರೈತರು ಬಲ್ಲರು. ಅಲ್ಲಿ ಔಷಧಿ ಸಿಂಪಡಿಸಿದರಷ್ಟೇ ಸಾಲದು, ನೀರು ಬಸಿಯುವಂತೆ ಏರುಮಡಿಯನ್ನೂ ಮಾಡಬೇಕು. ಕಿವಿಯ ವಿಷಯವೂ ಇದೇ.

ಲಕ್ಷಣಗಳು

ನಾಯಿ ಪದೇ ಪದೇ ತಲೆ ಕೊಡವುತ್ತದೆ, ಕಿವಿ ಕೆರೆದುಕೊಳ್ಳುತ್ತದೆ. ಕಿವಿಯ ಒಳಭಾಗ ಕೆಂಪಾಗಿ, ಕಂದು ಬಣ್ಣದ ಜಿಡ್ಡು ಗುಗ್ಗೆ ತುಂಬಿ, ಹುಳಿತಂತಹ ವಾಸನೆ ಬರುತ್ತದೆ. ಅತಿಯಾಗಿ ಕೊಡವಿದರೆ ಕಿವಿಯ ಹಾಲೆಯಲ್ಲಿ ರಕ್ತ ತುಂಬಿ ಊದಿಕೊಳ್ಳಬಹುದು. ತಲೆ ಒಂದು ಕಡೆಗೆ ವಾಲಿದರೆ ಅಥವಾ ನಡಿಗೆ ತೂರಾಡಿದರೆ ರೋಗ ಒಳಗಿವಿಗೆ ಇಳಿದಿರಬಹುದು. ಒಂದು ದಿನವೂ ತಡಮಾಡಬಾರದು.

ಮರುಕಳಿಸಲು ಕಾರಣಗಳು

1. ಅಲರ್ಜಿ. ಇದೇ ಮುಖ್ಯ ಕಾರಣ. ಧೂಳಿನ ನುಸಿ, ಪರಾಗ, ಚಿಗಟ ಅಥವಾ ಕೆಲವು ಆಹಾರ ಒಗ್ಗದ ನಾಯಿ ಪಾದವನ್ನೂ ನೆಕ್ಕುತ್ತಿರುತ್ತದೆ.
2. ತೇವ. ಜೋಲುಕಿವಿಯ ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್ ನಾಯಿಗಳಿಗೆ ಗಾಳಿಯಾಡುವುದು ಕಡಿಮೆ. ಬೆಂಗಳೂರಿನ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.
3. ಕಿವಿಯ ನುಸಿ, ಒಳಹೊಕ್ಕ ಹುಲ್ಲಿನ ಮುಳ್ಳು, ಗಂಟು, ಥೈರಾಯ್ಡ್ ಕೊರತೆ.
4. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು.

ಚಿಕಿತ್ಸೆ

ಮೊದಲು ಪಶುವೈದ್ಯರು ಕಿವಿಯ ತಮಟೆ ಹರಿದಿದೆಯೇ ಎಂದು ನೋಡಬೇಕು. ಹರಿದಿದ್ದರೆ ಕೆಲವು ಔಷಧಿಗಳಿಂದಲೇ ಕಿವುಡು ಬರಬಹುದು. ಅನಂತರ ಗುಗ್ಗೆಯನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಯೀಸ್ಟ್ ಕಣಗಳು ಎರಡು ಬೀಜದ ಕಡಲೇಕಾಯಿಯಂತೆ ಕಾಣುತ್ತವೆ. ಈ ಪರೀಕ್ಷೆ ಅತ್ಯವಶ್ಯಕ. ಏಕೆಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯೊಂದರಿಂದಲೇ ಯೀಸ್ಟ್ ಸಾಯುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿಯೂ ಸಲಹೆ ಪಡೆಯಬಹುದು.

ವೈದ್ಯರು ಕೊಟ್ಟ ಶುದ್ಧಿದ್ರವವನ್ನು ಕಿವಿಗೆ ತುಂಬಿ, ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ತಿಕ್ಕಿ, ನಾಯಿ ತಲೆ ಕೊಡವಲು ಬಿಡಬೇಕು. ಹೊರಬಂದ ಕೊಳೆಯನ್ನಷ್ಟೇ ಹತ್ತಿಯಿಂದ ಒರೆಸಬೇಕು. ನಾಯಿಯ ಕಿವಿನಾಳ ಕೆಳಕ್ಕಿಳಿದು ಒಳಕ್ಕೆ ತಿರುಗುವುದರಿಂದ, ಕಡ್ಡಿ ತೂರಿಸಿದರೆ ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ. ಕೊಳೆ ಹೋಗದೆ ಹಾಕಿದ ಔಷಧಿ ಚರ್ಮವನ್ನು ಮುಟ್ಟುವುದಿಲ್ಲ.

ಕ್ಲೋಟ್ರಿಮಜೋಲ್, ಮೈಕೊನಜೋಲ್ ಇರುವ ಹನಿಗಳು ಯೀಸ್ಟಿಗೆ ಪರಿಣಾಮಕಾರಿ. ಊತ ಇಳಿಸಲು ಸ್ಟಿರಾಯ್ಡ್ ಬೇಕಾಗಬಹುದು. ಸಾಮಾನ್ಯವಾಗಿ 2ರಿಂದ 4 ವಾರ ಚಿಕಿತ್ಸೆ ನಡೆಯುತ್ತದೆ. ನಾಳ ದಪ್ಪಗಟ್ಟಿದ ಹಳೆಯ ರೋಗಕ್ಕೆ ಹೆಚ್ಚು ಕಾಲ ಬೇಕು. ಕೆಲವೊಮ್ಮೆ ಇಟ್ರಾಕೊನಜೋಲ್‌ನಂತಹ ಮಾತ್ರೆಗಳನ್ನೂ ಕೊಡುತ್ತಾರೆ. ವಾಸನೆ ಹೋಯಿತೆಂದು ನಿಲ್ಲಿಸದೆ, ಮರುಪರೀಕ್ಷೆಯಲ್ಲಿ ಯೀಸ್ಟ್ ಹತೋಟಿಗೆ ಬಂದಿದೆಯೆಂದು ವೈದ್ಯರು ಹೇಳಿದ ಮೇಲೆಯೇ ನಿಲ್ಲಿಸತಕ್ಕದ್ದು.

ಆಹಾರದ ಮೇಲೆ ಅನುಮಾನವಿದ್ದರೆ, ನಾಯಿ ಹಿಂದೆ ತಿನ್ನದ ಆಹಾರವೊಂದನ್ನೇ ವೈದ್ಯರ ಸಲಹೆಯಂತೆ 8 ವಾರ ಕೊಟ್ಟು ನೋಡಬೇಕು. ನಡುವೆ ಒಂದು ಬಿಸ್ಕತ್ತು ಹಾಕಿದರೂ ಪರೀಕ್ಷೆ ಕೆಡುತ್ತದೆ.

ಮುನ್ನೆಚ್ಚರಿಕೆಗಳು

* ಎಣ್ಣೆ, ಸೀಮೆಎಣ್ಣೆ, ಬೆಳ್ಳುಳ್ಳಿ ರಸ, ಹೈಡ್ರೊಜನ್ ಪೆರಾಕ್ಸೈಡ್ ಹಾಕಬಾರದು.
* ಹಳೆಯ ಸೀಸೆಯಲ್ಲಿ ಉಳಿದ ಔಷಧಿ ಬಳಸಬಾರದು.
* ಸ್ನಾನ ಅಥವಾ ಮಳೆಯ ನಂತರ ಕಿವಿಯನ್ನು ಒಣಬಟ್ಟೆಯಿಂದ ಒರೆಸಬೇಕು.
* ವಾರಕ್ಕೊಮ್ಮೆ ಕಿವಿ ಎತ್ತಿ ನೋಡಿ, ಮೂಸಿ ನೋಡಬೇಕು.

ನಮ್ಮ ನಾಯಿಯ ಸೋಂಕು ಹತೋಟಿಗೆ ಬಂದಿತು. ಹೋದ ಶ್ರವಣಶಕ್ತಿ ಪೂರ್ತಿಯಾಗಿ ಮರಳಲಿಲ್ಲ. ಕಾವಲು ನಾಯಿಗೆ ಕಿವಿಯೇ ಆಸ್ತಿ. ಮೊದಲ ಸೋಂಕಿನಲ್ಲೇ ಕಾರಣ ಹುಡುಕಿ, ಚಿಕಿತ್ಸೆಯನ್ನು ಕೊನೆಯ ದಿನದವರೆಗೂ ನಡೆಸಿದರೆ ಆ ಆಸ್ತಿಯನ್ನು ಉಳಿಸಿಕೊಳ್ಳಬಹುದು.