ವಾಲ್ವ್ ಆಂಪ್ಲಿಫೈಯರ್ ಮತ್ತು ಸವಕಳಿಯ ಲೆಕ್ಕ

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದ ಸವಕಳಿ ಪಾಠದಲ್ಲಿ ಒಂದೇ ಬಗೆಯ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ಒಂದು ಸಂಸ್ಥೆ ಹಳೆಯ ಯಂತ್ರವೊಂದನ್ನು ಕೊಳ್ಳುತ್ತದೆ, ಸಾಗಾಣಿಕೆಗೆ ಇಷ್ಟು, ರಿಪೇರಿಗೆ ಇಷ್ಟು ಖರ್ಚು ಮಾಡುತ್ತದೆ, ಆಮೇಲೆ ವರ್ಷವರ್ಷವೂ ಸವಕಳಿ ಕಳೆಯುತ್ತಾ ಹೋಗುತ್ತದೆ. ಆ ಯಂತ್ರ ಯಾವುದು, ಅದಕ್ಕೆ ಏನಾಗಿತ್ತು ಎಂದು ಪುಸ್ತಕ ಎಂದೂ ಹೇಳುವುದಿಲ್ಲ. ಸ್ನೇಹಿತರೇ, ಈ ಲೇಖನದಲ್ಲಿ ಆ ಜಾಗದಲ್ಲಿ ಒಂದು ನಿಜವಾದ ಯಂತ್ರವನ್ನು ಇಟ್ಟು ನೋಡೋಣ. ಅದು ಒಂದು ಹಳೆಯ ವಾಲ್ವ್ ಸ್ಟೀರಿಯೋ ಆಂಪ್ಲಿಫೈಯರ್. ದಂಡಿಗನಹಳ್ಳಿಯ ನಮ್ಮ ಮನೆಯಲ್ಲಿ ನನ್ನ ದಾದಾ ಮತ್ತು ನಾನು ಸೇರಿ ಅದನ್ನು ಸರಿಮಾಡಿದ್ದೇವೆ.

ದಾದಾ ಹಿಂದೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ, ಉರುಸ್, ಊರ ಜಾತ್ರೆ, ರಾತ್ರಿಯಿಡೀ ನಡೆಯುವ ಕುರುಕ್ಷೇತ್ರ ನಾಟಕ, ಎಲ್ಲದಕ್ಕೂ ಅವರ ಹಾರನ್ ಹೋಗುತ್ತಿತ್ತು. ಆಗ ಎಲ್ಲ ಆಂಪ್ಲಿಫೈಯರ್‌ಗಳಲ್ಲೂ ವಾಲ್ವ್‌ಗಳೇ. ಅವರು ಇವತ್ತಿಗೂ ವಾಲ್ವ್ ಎನ್ನುವುದಿಲ್ಲ, ಬಲ್ಬು ಎನ್ನುತ್ತಾರೆ. ತಪ್ಪೇನಿಲ್ಲ, ಬಲ್ಬಿನಂತೆಯೇ ಅದೂ ಗಾಜಿನೊಳಗೆ ಗಾಳಿ ತೆಗೆದು ಕಾಯಿಸುವ ವಸ್ತು.

ಅದು ಕೆಲಸ ಮಾಡುವ ರೀತಿ ವಾಣಿಜ್ಯ ವಿಭಾಗದವರಿಗೂ ಅರ್ಥವಾಗುವಂಥದ್ದು. ಗಾಜಿನೊಳಗೆ ನಡುವೆ ಕ್ಯಾಥೋಡ್ ಎಂಬ ಲೋಹದ ಕೊಳವೆ ಇದೆ. ಅದು ಕಾದಾಗ ಅದರಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಸುತ್ತಲೂ ಇರುವ ಆನೋಡ್ ತಗಡಿಗೆ ಸುಮಾರು 250 ವೋಲ್ಟ್ ಕೊಟ್ಟಿರುವುದರಿಂದ ಅವು ಅದರ ಕಡೆ ಓಡುತ್ತವೆ. ನಡುವೆ ಗ್ರಿಡ್ ಎಂಬ ತಂತಿಯ ಬೇಲಿ. ಕೆರೆಯ ತೂಬು ನೆನಪಿಸಿಕೊಳ್ಳಿ. ತೂಬನ್ನು ಎತ್ತಿ ಇಳಿಸಲು ಒಬ್ಬ ನೀರುಗಂಟಿಯ ಕೈಬಲ ಸಾಕು, ಆದರೆ ಅದರಿಂದ ಹೆಚ್ಚು ಕಡಿಮೆಯಾಗುವುದು ಇಡೀ ಕಾಲುವೆಯ ನೀರು. ಗ್ರಿಡ್ಡಿಗೆ ಮೊಬೈಲಿನಿಂದಲೋ ಗ್ರಾಮಫೋನಿನಿಂದಲೋ ಬರುವ ಸಣ್ಣ ಸಂಕೇತ ಆ ಕೈಬಲದ ಹಾಗೆ. 1904ರಲ್ಲಿ ಫ್ಲೆಮಿಂಗ್ ಗ್ರಿಡ್ ಇಲ್ಲದ ವಾಲ್ವ್ ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಈ ಮೂರನೆಯ ತಂತಿ ಸೇರಿಸಿದರು.

ನಮ್ಮ ಆಂಪ್ಲಿಫೈಯರ್‌ನಲ್ಲಿ ನಾಲ್ಕು ವಾಲ್ವ್‌ಗಳಿವೆ: ಒಂದು ಇಸಿಸಿ83, ಎರಡು ಇಎಲ್84, ಒಂದು ಇಝಡ್81. ಮಂತ್ರದಂತೆ ಕಾಣುವ ಈ ಹೆಸರುಗಳಲ್ಲೇ ಅರ್ಧ ವಿಷಯ ಇದೆ. ‘ಇ’ ಎಂದರೆ ಕಾಯಿಸಲು 6.3 ವೋಲ್ಟ್ ಬೇಕು. ‘ಎಲ್’ ಎಂದರೆ ಸ್ಪೀಕರ್ ಓಡಿಸುವ ಶಕ್ತಿಯ ವಾಲ್ವ್. ‘ಸಿಸಿ’ ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್, ಹಾಗಾಗಿ ಒಂದರ್ಧ ಎಡಕ್ಕೆ, ಇನ್ನರ್ಧ ಬಲಕ್ಕೆ. ‘ಝಡ್’ ಎಂದರೆ ಎಸಿಯನ್ನು ಡಿಸಿ ಮಾಡುವ ವಾಲ್ವ್. ಎಂಬತ್ತರ ಅಂಕಿ ಬಂದರೆ ಕೆಳಗೆ ಒಂಬತ್ತು ಕಡ್ಡಿಗಳ ಬುಡ. ಗುಜರಿಯಲ್ಲಿ ಒಂದು ವಾಲ್ವ್ ಸಿಕ್ಕರೆ ಇಷ್ಟು ಗೊತ್ತಿದ್ದವರು ಅದು ಏನಕ್ಕೆ ಬರುತ್ತದೆ ಎಂದು ಅಲ್ಲೇ ಹೇಳಬಹುದು.

ನಮ್ಮ ಸೆಟ್ಟಿನ ಎಡಗಡೆಯ ಇಎಲ್84 ಮೇಲೆ ಬಿಇಎಲ್ ಎಂದು ಬರೆದಿದೆ. ಅದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಶುರುವಾದ ಆ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವ್ ತಯಾರಿಸಿತು. ಆಮೇಲೆ ಟ್ರಾನ್ಸಿಸ್ಟರ್ ಬಂದು ವಾಲ್ವ್‌ಗೆ ಬೇಡಿಕೆ ಹೋಯಿತು. ಈಗ ಅಲ್ಲಿ ಆ ವಾಲ್ವ್ ತಯಾರಾಗುವುದಿಲ್ಲ. ಹೊಸದು ಬೇಕೆಂದರೆ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ ಬರಬೇಕು. ಅರ್ಥಶಾಸ್ತ್ರದಲ್ಲಿ ನೆಟ್ಟಗೆ ನಿಂತ ಪೂರೈಕೆ ರೇಖೆಯ ಚಿತ್ರ ಬರೆದಾಗ ಇಂಥ ವಸ್ತು ಎಲ್ಲಿದೆ ಎಂದು ನಮ್ಮ ತರಗತಿಯಲ್ಲಿ ನಗುತ್ತಿದ್ದರು. ಹಳೆಯ ಬಿಇಎಲ್ ವಾಲ್ವ್ ಅದೇ. ಬೆಲೆ ಎಷ್ಟೇ ಏರಲಿ, ಇರುವುದಕ್ಕಿಂತ ಒಂದೂ ಹೆಚ್ಚಾಗುವುದಿಲ್ಲ.

ಈಗ ಕೊಳ್ಳುವ ವಿಷಯ. ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಹುಳ ತಿಂದ ರೇಡಿಯೋಗ್ರಾಮ್ ಇತ್ತು. ಮನೆಯ ಅಜ್ಜಿಗೆ ಗುಜರಿಯವನು ತೂಕದ ಲೆಕ್ಕದಲ್ಲಿ 600 ರೂಪಾಯಿ ಹೇಳಿ ಹೋಗಿದ್ದ. ದಾದಾ ಒಳಗೆ ನೋಡಿ, “ಅಮ್ಮಾ, ಇದರ ಮರ ಹೋಗಿದೆ, ಒಳಗಿನ ಆಂಪ್ಲಿಫೈಯರ್‌ಗೆ ಬೆಲೆ ಇದೆ. ಮಗನನ್ನು ಕೇಳಿ ಹೇಳಿ” ಎಂದರು. ಅವರು ಮಗನಿಗೆ ಫೋನ್ ಮಾಡಿದರು, ಮಾತು 2,200ಕ್ಕೆ ನಿಂತಿತು. ಹೊರಗೆ ಬಂದ ಮೇಲೆ ನಾನು, 700 ಎಂದಿದ್ದರೂ ಕೊಡುತ್ತಿದ್ದರಲ್ಲ ಎಂದೆ. ದಾದಾ ಉತ್ತರ ಕೊಡಲಿಲ್ಲ, ಆಟೋ ಕರೆದರು.

ಇಂಥದ್ದನ್ನು ನೋಡಲು ಹೋಗುವವರು ಮಲ್ಟಿಮೀಟರ್ ಒಯ್ಯಲೇಬೇಕು. ಪ್ಲಗ್ ಹಾಕಿ ತೋರಿಸುತ್ತೇನೆ ಎಂದರೂ ಬೇಡ ಎನ್ನಿ. ಮೂವತ್ತು ನಲವತ್ತು ವರ್ಷ ಮಲಗಿದ್ದ ಸೆಟ್ಟಿಗೆ ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಒಣಗಿದ ಕಂಡೆನ್ಸರ್ ಶಾರ್ಟ್ ಆಗಿ, ದುಡ್ಡು ಕೊಟ್ಟು ತಂದುಕೊಳ್ಳಬೇಕೆಂದಿದ್ದ ಟ್ರಾನ್ಸ್‌ಫಾರ್ಮರ್ ಅಲ್ಲೇ ಸುಡುತ್ತದೆ. ನಿಜವಾದ ಬೆಲೆ ಇರುವುದು ಆ ಕಬ್ಬಿಣ ಮತ್ತು ತಾಮ್ರದಲ್ಲಿ: ಒಂದು ಪವರ್ ಟ್ರಾನ್ಸ್‌ಫಾರ್ಮರ್, ಎರಡು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಮೀಟರನ್ನು ಓಮ್‌ಗೆ ಇಟ್ಟು ಅಳೆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ವಾಲ್ವ್ ಕಡೆಯ ಸುತ್ತು ಕೆಲವು ನೂರು ಓಮ್ ತೋರಿಸಬೇಕು, ಸ್ಪೀಕರ್ ಕಡೆಯದು ಹೆಚ್ಚುಕಡಿಮೆ ಸೊನ್ನೆ. ವಾಲ್ವ್‌ನ ಗಾಜಿನ ತಲೆಯಲ್ಲಿ ಬೆಳ್ಳಿ ಬಣ್ಣದ ಪೊರೆ ಇರಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿಯಿತು. ಗಾಜಿನ ಮೇಲಿನ ಅಕ್ಷರಗಳನ್ನು ಮಾತ್ರ ಬಟ್ಟೆಯಿಂದ ಒರೆಸಬೇಡಿ, ಅಳಿಸಿಹೋಗುತ್ತವೆ. ಇನ್ನು ಯಾರಾದರೂ ‘ಬ್ರಿಟಿಷರ ಕಾಲದ ಸ್ಟೀರಿಯೋ’ ಎಂದರೆ ಸುಮ್ಮನೆ ತಲೆಯಾಡಿಸಿ. ಸ್ಟೀರಿಯೋ ಎಲ್‌ಪಿ ರೆಕಾರ್ಡುಗಳು ಅಂಗಡಿಗೆ ಬಂದದ್ದೇ 1958ರ ಸುಮಾರಿಗೆ. ನಮ್ಮ ಕಡೆ ಹಳೆಯದೆಲ್ಲವೂ ಬ್ರಿಟಿಷರ ಕಾಲದ್ದೇ!

ನಮ್ಮ ಸೆಟ್ಟಿನಲ್ಲಿ ಬಲಗಡೆಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಟ್ ಆಗಿತ್ತು. ಅದು ಕೊಳ್ಳುವಾಗಲೇ ಗೊತ್ತಿತ್ತು. ಟ್ರಾನ್ಸ್‌ಫಾರ್ಮರ್ ಕಟ್ ಆದರೆ ಆನೋಡಿಗೆ ವೋಲ್ಟೇಜ್ ಸಿಗದು. ಆಗ ಎಲೆಕ್ಟ್ರಾನುಗಳೆಲ್ಲ ಹತ್ತಿರದ ಸ್ಕ್ರೀನ್ ಎಂಬ ಇನ್ನೊಂದು ತಂತಿಯ ಮೇಲೆ ಬಿದ್ದು ಅದು ಕೆಂಪಗೆ ಕಾಯುತ್ತದೆ. ಹಾಗಾಗಿ ಬಲಗಡೆಯ ಇಎಲ್84 ಕೂಡ ಹಾಳಾಗಿತ್ತು. ಒಂದು ಐಬು ಕಂಡರೆ ಅದು ಇನ್ನೇನನ್ನು ಕೆಡಿಸಿರಬಹುದು ಎಂದು ಹುಡುಕಬೇಕು, ದಾದಾ ಕಲಿಸಿದ ಮೊದಲ ಪಾಠ ಅದು. ಟ್ರಾನ್ಸ್‌ಫಾರ್ಮರ್ ಸುತ್ತಿಸುವುದು ಸುಲಭವಾಗಲಿಲ್ಲ. ಪಂಪ್‌ಸೆಟ್ ಮೋಟಾರ್ ಸುತ್ತುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಆದರೆ ಇದು ಕೂದಲಿನಂಥ ತಂತಿ. ಇಎಲ್84ಗೆ ಸುಮಾರು 5,200 ಓಮ್ ಹೊರೆ ಬೇಕು, ಸ್ಪೀಕರ್ ಇರುವುದು 8 ಓಮ್. ಭಾಗಿಸಿದರೆ 650, ಅದರ ವರ್ಗಮೂಲ ಸುಮಾರು 25.5. ಅಂದರೆ ಸ್ಪೀಕರ್ ಕಡೆ ಒಂದು ಸುತ್ತಿದ್ದರೆ ವಾಲ್ವ್ ಕಡೆ ಇಪ್ಪತ್ತೈದೂವರೆ ಸುತ್ತು ಇರಬೇಕು. ಕೊನೆಗೆ ಹಾಸನದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಒಪ್ಪಿಕೊಂಡು ಮೂರು ವಾರದಲ್ಲಿ ಸುತ್ತಿಕೊಟ್ಟರು.

ಇಲ್ಲಿ ಒಂದು ಎಚ್ಚರಿಕೆಯನ್ನು ನಿಧಾನವಾಗಿ ಓದಿ. ವಾಲ್ವ್ ಸೆಟ್ಟಿನೊಳಗೆ 300 ವೋಲ್ಟ್ ಡಿಸಿ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕಂಡೆನ್ಸರ್‌ನಲ್ಲಿ ಉಳಿದಿರುತ್ತದೆ, ಅದು ಜೀವ ತೆಗೆಯಬಲ್ಲದು. ದಾದಾ ಇಲ್ಲದಾಗ ನಾನು ಅದರ ತಳ ಬಿಚ್ಚುವಂತಿಲ್ಲ, ಇದು ನಮ್ಮ ಮನೆಯ ಕಾನೂನು. ಪ್ಲಗ್ ಕಿತ್ತು, ದೊಡ್ಡ ರೆಸಿಸ್ಟರ್ ಮೂಲಕ ಕಂಡೆನ್ಸರ್ ಖಾಲಿ ಮಾಡಿ, ಮೀಟರ್ ಇಟ್ಟು ಸೊನ್ನೆಗೆ ಬಂದಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಕೈ ಹಾಕುವುದು. ಕರೆಂಟ್ ಇರುವಾಗ ಅಳೆಯಬೇಕಾದರೆ ಒಂದೇ ಕೈ, ಇನ್ನೊಂದು ಜೇಬಿನಲ್ಲಿ, ಕಾಲಲ್ಲಿ ಚಪ್ಪಲಿ. ಗೊತ್ತಿರುವವರು ಪಕ್ಕದಲ್ಲಿಲ್ಲದಿದ್ದರೆ ಈ ಹವ್ಯಾಸಕ್ಕೆ ಇಳಿಯಬೇಡಿ.

ಕಾಗದದ ಹಳೆಯ ಕಂಡೆನ್ಸರ್‌ಗಳನ್ನೆಲ್ಲ ತೆಗೆದು 630 ವೋಲ್ಟಿನ ಹೊಸವನ್ನು ಬೆಸುಗೆ ಹಾಕಿದೆವು. ಹಳೆಯವು ಸೋರುತ್ತವೆ. ಸೋರಿದರೆ ಗ್ರಿಡ್ಡಿಗೆ ಬರಬಾರದ ವೋಲ್ಟೇಜ್ ಬಂದು ತೂಬು ತೆರೆದೇ ನಿಲ್ಲುತ್ತದೆ, ವಾಲ್ವ್ ಸುಟ್ಟುಹೋಗುತ್ತದೆ. ಮೊದಲ ಸಲ ಚಾಲೂ ಮಾಡಿದ್ದು ಸೀರೀಸ್‌ನಲ್ಲಿ 60 ವ್ಯಾಟಿನ ಹಳೆಯ ಕಾಲದ ಬಲ್ಬು ಇಟ್ಟು. ಬಲ್ಬು ಮೊದಲು ಜೋರಾಗಿ ಬೆಳಗಿ ಆಮೇಲೆ ಮಂಕಾದರೆ ಸರಿ. ಹಾಗೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್. ನಮ್ಮದು ಮಂಕಾಯಿತು. ಬಲ್ಬು ತೆಗೆದು ನೇರವಾಗಿ ಕೊಟ್ಟು ಅಳೆದಾಗ ಆನೋಡಿನಲ್ಲಿ 250 ವೋಲ್ಟಿನ ಹತ್ತಿರ ಬಂತು. ಅಲ್ಲಿ 48 ಮಿಲಿಆಂಪಿಯರ್ ಹರಿದರೆ 12 ವ್ಯಾಟ್, ಇಎಲ್84 ತಡೆಯುವ ಮಿತಿ ಅದೇ. ಸ್ಪೀಕರಿಗೆ ಸಿಗುವುದು ಒಂದೊಂದು ಕಡೆ ಸುಮಾರು 5 ವ್ಯಾಟ್. ಡಿಜೆ ಸೆಟ್ ಕೇಳಿದವರಿಗೆ ಇದು ನಗೆಪಾಟಲು, ಒಂದು ಕೋಣೆಗೆ ಧಾರಾಳ.

ಸ್ಟೀರಿಯೋ ಸರಿಯಾಗಿದೆಯೇ ಎಂದು ನೋಡಲು ಹಳೆಯ ಸಿನಿಮಾ ಹಾಡು ಹಾಕಬೇಕು. ಆ ಕಾಲದ ಹಾಡುಗಳು ಬಹುಪಾಲು ಮೋನೋ. ಎರಡೂ ಕಡೆ ಸಮವಾಗಿದ್ದರೆ ಗಾಯಕರ ದನಿ ಎರಡು ಸ್ಪೀಕರುಗಳ ನಟ್ಟನಡುವೆ, ಏನೂ ಇಲ್ಲದ ಗೋಡೆಯಿಂದ ಬಂದಂತೆ ಕೇಳುತ್ತದೆ. ಪಕ್ಕಕ್ಕೆ ವಾಲಿದರೆ ಇನ್ನೊಂದು ಕಡೆ ಬಲ ಕಡಿಮೆ. ಈ ಪರೀಕ್ಷೆಯನ್ನು ನಾನೇ ಮಾಡಬೇಕಾಯಿತು. ವರ್ಷಗಟ್ಟಲೆ ಹಾರನ್ ಪಕ್ಕ ಕೂತು ದಾದಾ ಅವರ ಬಲಗಿವಿ ಮಂದವಾಗಿದೆ. “ನಡುವೆ ಇದೆಯಾ?” ಎಂದು ಅವರು ಮೂರು ಸಲ ಕೇಳಿದರು.

ಈಗ ಲೆಕ್ಕ. ಕೊಂಡ ಬೆಲೆ 2,200, ಆಟೋ 150, ಕಂಡೆನ್ಸರ್ ಮತ್ತು ರೆಸಿಸ್ಟರ್ 640, ಒಂದು ಇಎಲ್84ಗೆ 900, ವೈರು ಫ್ಯೂಸು ಪ್ಲಗ್ಗಿಗೆ 210, ಟ್ರಾನ್ಸ್‌ಫಾರ್ಮರ್ ಸುತ್ತಿಸಿದ್ದು 1,100. ಒಟ್ಟು 5,200 ರೂಪಾಯಿ. ರಿಪೇರಿ ಎಂದ ಕೂಡಲೇ ರಾಜಸ್ವ ವೆಚ್ಚ ಎಂದು ಬರೆದುಬಿಡುವವರು ನಮ್ಮಲ್ಲಿ ಬಹಳ. ಯಂತ್ರ ಮೊದಲ ಸಲ ಬಳಕೆಗೆ ಸಿದ್ಧವಾಗುವವರೆಗೆ ಆದ ಖರ್ಚೆಲ್ಲ ಬಂಡವಾಳ ವೆಚ್ಚ, ಆಸ್ತಿಯ ಬೆಲೆಗೇ ಸೇರಬೇಕು. ಮುಂದಿನ ವರ್ಷ ಇದೇ ವಾಲ್ವ್ ಹೋಗಿ ಇನ್ನೊಂದು ಹಾಕಿದರೆ ಆಗ ಅದು ರಾಜಸ್ವ ವೆಚ್ಚ. ವಸ್ತು ಅದೇ, ಅಂಗಡಿಯೂ ಅದೇ, ಬರೆಯುವ ಕಡೆ ಬೇರೆ.

ಹತ್ತು ವರ್ಷ ಬಾಳುತ್ತದೆ, ಕೊನೆಗೆ ತಾಮ್ರ ಕಬ್ಬಿಣಕ್ಕೆ 1,200 ಬರುತ್ತದೆ ಎಂದುಕೊಂಡರೆ, ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷಕ್ಕೆ 400 ಸವಕಳಿ. ಆದರೆ ಪೇಟೆಯಲ್ಲಿ ಇಂಥ ಸೆಟ್ಟಿನ ಬೆಲೆ ಇಳಿಯುತ್ತಿಲ್ಲ, ಏರುತ್ತಿದೆ. ಹಾಗಾದರೆ ಸವಕಳಿ ಸುಳ್ಳೇ? ನನಗೆ ಈ ಪ್ರಶ್ನೆ ಬಹಳ ದಿನ ಕಾಡಿತು. ಉತ್ತರ ಪಾಠದಲ್ಲೇ ಇದೆ, ನಾವು ಓದಿ ದಾಟಿಬಿಡುತ್ತೇವೆ: ಸವಕಳಿ ಎಂದರೆ ವಸ್ತುವಿಗೆ ಬೆಲೆ ಕಟ್ಟುವುದಲ್ಲ, ಕೊಟ್ಟ ಹಣವನ್ನು ಅದು ದುಡಿಯುವ ವರ್ಷಗಳಿಗೆ ಹಂಚುವುದು. ಪುಸ್ತಕದ ಬೆಲೆ ಮತ್ತು ಪೇಟೆಯ ಬೆಲೆ ಒಂದೇ ಆಗಬೇಕೆಂದು ಯಾವ ನಿಯಮವೂ ಇಲ್ಲ. ಇನ್ನೊಂದು ಮಾತು, ಮಾರುವುದಕ್ಕೆಂದೇ ಕೊಂಡಿದ್ದರೆ ಅದು ಸ್ಥಿರ ಆಸ್ತಿಯೇ ಅಲ್ಲ, ದಾಸ್ತಾನು. ಆಗ ಸವಕಳಿ ಇಲ್ಲ, ತಗುಲಿದ ಒಟ್ಟು ವೆಚ್ಚ ಮತ್ತು ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಹಾಕಬೇಕು.

ನಮ್ಮದು ಸ್ಥಿರ ಆಸ್ತಿಯೋ ದಾಸ್ತಾನೋ ಎಂಬುದು ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆ. ಬೆಂಗಳೂರಿನ ಹವ್ಯಾಸಿಯೊಬ್ಬರು ಫೋಟೋ ನೋಡಿ 9,000 ಕೊಡುತ್ತೇನೆ ಎಂದರು. ಮುಂದಿನ ವರ್ಷ ನನ್ನ ಬಿಕಾಂ ಪ್ರವೇಶದ ಶುಲ್ಕ ಇದೆ, ಅಬ್ಬಾ ಅವರಿಗೆ ಅದು ದೊಡ್ಡ ಆಸರೆ. ಕಳಿಸುವ ಮೊದಲು ದಾದಾ ಒಂದು ರಟ್ಟಿನ ಚೀಟಿ ತಂದು ನನ್ನ ಕೈಯಲ್ಲಿ ಬರೆಸಿದರು: ಬಲಗಡೆಯ ಟ್ರಾನ್ಸ್‌ಫಾರ್ಮರ್ ಹೊಸದಾಗಿ ಸುತ್ತಿದ್ದು, ಬಲಗಡೆಯ ಇಎಲ್84 ಬಿಇಎಲ್ ಅಲ್ಲ, ಕಂಡೆನ್ಸರ್ ಎಲ್ಲ ಹೊಸವು. ಅದರ ಫೋಟೋ ಕೂಡ ಕಳಿಸು ಎಂದರು. ಕೊಳ್ಳುವವನೇ ನೋಡಿ ಕೊಳ್ಳಬೇಕು ಎಂಬ ತತ್ವ 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆಯಲ್ಲ, ಅವರು ಕೇಳಿಯೇ ಇಲ್ಲ ಎಂದೆ. “ಐಬ್ ಛುಪಾಕೆ ನಕ್ಕೊ ಬೇಚ್” ಎಂದರು, ಐಬು ಮುಚ್ಚಿ ಮಾರಬೇಡ ಎಂದು. ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ‘ಐಬು ಏನಾದರೂ ಇದೆಯಾ’ ಎಂದು ಕೇಳುವ ರೈತರ ಮಾತೂ ಅದೇ. ಉರ್ದುವಿನದೋ ಕನ್ನಡದ್ದೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಚೀಟಿ ನೋಡಿದ ಮೇಲೆ ಅವರು 7,000 ಎಂದಿದ್ದಾರೆ. ಲಾಭ 1,800, ನಮ್ಮಿಬ್ಬರ ನಾಲ್ಕು ತಿಂಗಳ ಕೂಲಿ ಸೇರಿಸದೆ. ಪರೀಕ್ಷೆ ಮುಗಿದ ಮೇಲೆ ಬಂದು ಕೇಳಿ ನೋಡಿ ತೀರ್ಮಾನಿಸುತ್ತಾರಂತೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಅರ್ಧ ಗಂಟೆ ಸೆಟ್ ಚಾಲೂ ಮಾಡುತ್ತೇವೆ, ಏಕೆಂದರೆ ಸುಮ್ಮನೆ ಇಟ್ಟರೆ ಕಂಡೆನ್ಸರ್ ಮತ್ತೆ ಸೊರಗುತ್ತದೆ. ದಾದಾ ತಮ್ಮ ಕುರ್ಚಿಯನ್ನು ಸ್ವಲ್ಪ ಬಲಕ್ಕೆ ಎಳೆದು, ಎಡಗಿವಿ ಮುಂದೆ ಮಾಡಿ ಕೂರುತ್ತಾರೆ.