ಪ್ರತ್ಯಯ ಒಂದು, ಪದ ಹಲವು

ಇಂಗ್ಲಿಷ್ ಬರೆಯುವ ಕನ್ನಡದ ವಿದ್ಯಾರ್ಥಿಯು ದೊಡ್ಡ ದೊಡ್ಡ ಶಬ್ದಗಳನ್ನು ಹೇಗೋ ದಾಟಿ, ‘ಇನ್’, ‘ಆನ್’, ‘ಅಟ್’, ‘ಬೈ’ ಮೊದಲಾದ ಪುಟ್ಟ ಪದಗಳಲ್ಲಿ ಎಡವುತ್ತಾನೆ. ನಾಮಪದಕ್ಕೆ ಮುಂಚೆ ನಿಲ್ಲುವ ಇವುಗಳಿಗೆ ಪ್ರಿಪೊಸಿಷನ್ ಎಂದು ಹೆಸರು. ಕನ್ನಡದಲ್ಲಿ ಇವುಗಳ ಕೆಲಸವನ್ನು ಬಹುಮಟ್ಟಿಗೆ ವಿಭಕ್ತಿಪ್ರತ್ಯಯಗಳು ಮಾಡುತ್ತವೆ. ಅವು ನಾಮಪದದ ಕೊನೆಗೆ ಸೇರಿಕೊಂಡು ಬರುತ್ತವೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿಯೂ ಇಂಥ ಪ್ರತ್ಯಯಗಳಿದ್ದುವು. ಕಾಲಕ್ರಮದಲ್ಲಿ ಅವುಗಳಲ್ಲಿ ಹೆಚ್ಚಿನವು ಸವೆದುಹೋಗಿ, ಅವುಗಳ ಹೊರೆಯೂ ಈ ಪುಟ್ಟ ಪದಗಳ ಮೇಲೆಯೇ ಬಿದ್ದಿತು.

ಒಂದು ಪ್ರತ್ಯಯಕ್ಕೆ ಒಂದು ಪದವೆಂಬ ಲೆಕ್ಕವಿದ್ದಿದ್ದರೆ ತೊಡಕೇ ಇರುತ್ತಿರಲಿಲ್ಲ. ‘ಇಂದ’ ಎಂಬ ಪ್ರತ್ಯಯವನ್ನೇ ನೋಡಬಹುದು. ‘ಮರವು ಬಡಗಿಯಿಂದ ಕಡಿಯಲ್ಪಟ್ಟಿತು’, ‘ಕೊಡಲಿಯಿಂದ ಕಡಿದನು’, ‘ಊರಿನಿಂದ ಬಂದನು’, ‘ಐದು ವರ್ಷಗಳಿಂದ ಇಲ್ಲಿದ್ದಾನೆ’ — ನಾಲ್ಕು ಕಡೆಯೂ ಕನ್ನಡಕ್ಕೆ ಅದೊಂದೇ ಸಾಕು. ಇಂಗ್ಲಿಷಿನಲ್ಲಾದರೋ ಬಡಗಿಗೆ ‘ಬೈ’, ಕೊಡಲಿಗೆ ‘ವಿತ್’, ಊರಿಗೆ ‘ಫ್ರಮ್’, ಐದು ವರ್ಷಗಳಿಗೆ ‘ಫಾರ್’. ಹೆಚ್ಚು ಮಂದಿ ಜಾರುವುದು ಈ ಕೊನೆಯದರಲ್ಲಿ. ‘ಸಿನ್ಸ್ ಫೈವ್ ಇಯರ್ಸ್’ ಎಂದು ಬರೆದುಬಿಡುತ್ತಾರೆ. ‘ಸಿನ್ಸ್’ ಎಂಬುದಕ್ಕೆ ಕಾಲದ ಆರಂಭಬಿಂದು ಬೇಕು: ಸೋಮವಾರದಿಂದ, 1980ರಿಂದ ಎಂಬಂತೆ. ಕಾಲದ ಅಳತೆಗೆ ಸಲ್ಲುವುದು ‘ಫಾರ್’.

ಕೆಲವು ತಪ್ಪುಗಳು ಕಿವಿಗೆ ಒರಟಾಗಿ ಕೇಳುತ್ತವೆ, ಅಷ್ಟೇ. ‘ಅವನ ಮೇಲೆ ಕೋಪ’ವನ್ನು ನೆನೆದು, ‘ಆಂಗ್ರಿ ವಿತ್ ಹಿಮ್’ ಎನ್ನಬೇಕಾದಲ್ಲಿ ‘ಆನ್ ಹಿಮ್’ ಎಂದರೂ ಕೇಳುವವನಿಗೆ ಅರ್ಥವಾದೀತು. ಬೇರೆ ಕೆಲವು ಅರ್ಥವನ್ನೇ ತಿರುಗಿಸಿಬಿಡುತ್ತವೆ. ಚೆಂಡನ್ನು ‘ಟು ಹಿಮ್’ ಎಸೆದರೆ ಅವನು ಹಿಡಿಯಲೆಂದು. ‘ಅಟ್ ಹಿಮ್’ ಎಸೆದರೆ ಅವನಿಗೆ ತಾಗಲೆಂದು! ರೈಲು ‘ಆನ್ ಟೈಮ್’ ಬಂದಿತೆಂದರೆ ವೇಳಾಪಟ್ಟಿಗೆ ಸರಿಯಾಗಿ ಬಂದಿತೆಂದು ಅರ್ಥ. ಪ್ರಯಾಣಿಕನು ‘ಇನ್ ಟೈಮ್’ ಬಂದನೆಂದರೆ ಅದು ಹೊರಡುವುದಕ್ಕೆ ಮುನ್ನವೇ ಬಂದು ಸೇರಿದನೆಂದು.

ಉದ್ಯೋಗದ ಅರ್ಜಿ ಬರೆಯುವವರನ್ನು ಹೆಚ್ಚಾಗಿ ಕಾಡುವ ಜೋಡಿ ‘ಬೈ’ ಮತ್ತು ‘ಟಿಲ್’. ಅರ್ಜಿಯು ‘ಬೈ ಮಂಡೇ’ ತಲುಪಬೇಕೆಂದಿದ್ದರೆ ಸೋಮವಾರವು ಗಡುವು. ಅದಕ್ಕೆ ಮುಂಚೆ ಎಂದು ತಲುಪಿದರೂ ಸರಿ. ಕಚೇರಿಯು ‘ಟಿಲ್ ಮಂಡೇ’ ಮುಚ್ಚಿರುತ್ತದೆಂದರೆ ಅಲ್ಲಿಯವರೆಗೂ ಬಾಗಿಲು ತೆರೆಯುವುದಿಲ್ಲ. ಇಲ್ಲಿ ಮಾತ್ರ ಕನ್ನಡವೇ ಕೈಹಿಡಿದು ನಡೆಸುತ್ತದೆ: ‘ಸೋಮವಾರದೊಳಗೆ’ ಎಂದು ಮನಸ್ಸಿಗೆ ಬಂದರೆ ‘ಬೈ’, ‘ಸೋಮವಾರದವರೆಗೆ’ ಎಂದು ಬಂದರೆ ‘ಟಿಲ್’.

‘ಸೀನಿಯರ್’, ‘ಸುಪೀರಿಯರ್’ ಎಂಬ ಪದಗಳು ಲ್ಯಾಟಿನ್ನಿನಿಂದ ಬಂದವು. ‘ಗಿಂತ’ ಎಂಬುದನ್ನು ನಂಬಿ ಇವುಗಳ ಮುಂದೆ ‘ದ್ಯಾನ್’ ಹಾಕಬಾರದು, ‘ಟು’ ಹಾಕಬೇಕು. ‘ಡಿಸ್ಕಸ್’ ಎಂಬ ಕ್ರಿಯಾಪದಕ್ಕಂತೂ ‘ಅಬೌಟ್’ ಬೇಡವೇ ಬೇಡ. ಚರ್ಚೆಯ ವಿಷಯವು ನೇರವಾಗಿ ಅದರ ಮಗ್ಗುಲಲ್ಲಿ ಬಂದು ನಿಲ್ಲುತ್ತದೆ.